ಕೊನೆಯ ಹದಕ್ಕೆ ಮುನ್ನ

ದೀಪಾವಳಿ ಮುಗಿಯಿತೆಂದರೆ ಹಾವೇರಿ ಜಿಲ್ಲೆಯ ಊರೂರಿನಲ್ಲಿ ಹೋರಿ ಹಬ್ಬ. ಕೊಬ್ಬರಿ ಸರ, ಬಲೂನು, ಬಣ್ಣದ ಜೂಲ ಹೊತ್ತ ಹೋರಿ ಅಖಾಡಕ್ಕೆ ಬರುವ ಮೊದಲೇ ಅದರ ಹಾಡು ಬಂದಿರುತ್ತದೆ. ಹೆಸರಾದ ಹೋರಿಗೆ ಹಾಡು ಬರೆಸಿ, ಹಾಡಿಸಿ, ಯೂಟ್ಯೂಬಿಗೆ ಹಾಕುವುದು ಈಗ ಇಲ್ಲಿನ ರೂಢಿ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಪೇರಿಸಿದ ಬಾಕ್ಸುಗಳು ಆ ಹಾಡನ್ನು ಎದೆಗೆ ಗುದ್ದುವಂತೆ ನುಡಿಸುತ್ತವೆ. ಅಂಥದೊಂದು ಟ್ರ್ಯಾಕ್ಟರಿನ ಪಕ್ಕ ನಿಂತು ಕೇಳಿದ್ದೇನೆ. ಹಾಡಿನಲ್ಲಿ ಡೊಳ್ಳಿತ್ತು, ಆದರೆ ಕಿವಿಗೆ ಬಿದ್ದದ್ದು ಖಾಲಿ ಡಬ್ಬಿಗೆ ಕೋಲು ತಾಗಿದ ಸದ್ದು. ಅರ್ಧ ತಾಸಿನ ಮೇಲೆ ಅದೇ ಅಖಾಡದ ಅಂಚಿನಲ್ಲಿ ಡೊಳ್ಳಿನ ಮೇಳ ಮೈಕಿಲ್ಲದೆ ಬಾರಿಸಿತು. ಕಾಲಡಿಯ ಮಣ್ಣು ಅದುರಿತು.

ಈ ಎರಡು ಡೊಳ್ಳುಗಳ ನಡುವೆ ಕಳೆದುಹೋದದ್ದು ಎಲ್ಲಿ ಕಳೆಯಿತು? ಮೈಕು ಅಗ್ಗದ್ದು, ಕೋಣೆ ಸಣ್ಣದು, ಊರು ಚಿಕ್ಕದು ಎಂದು ಹೇಳುವವರು ಬಹಳ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಧ್ವನಿಮುದ್ರಣ ಮಾಡುವವರ ಜೊತೆ ಕೂತು, ಅವರ ಕಂಪ್ಯೂಟರಿನಲ್ಲಿ ಮೂಲ ಟ್ರ್ಯಾಕುಗಳನ್ನು ಒಂದೊಂದಾಗಿ ಕೇಳಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಡೊಳ್ಳು ಆ ಟ್ರ್ಯಾಕಿನಲ್ಲಿ ಬಹುಮಟ್ಟಿಗೆ ಸರಿಯಾಗಿಯೇ ಕೂತಿರುತ್ತದೆ. ಅದು ಸಾಯುವುದು ಮಿಕ್ಸಿಂಗ್ ಮುಗಿದು ಮಾಸ್ಟರಿಂಗಿಗೆ ಹೋಗುವ ಹೊಸ್ತಿಲಲ್ಲಿ.

ಮಾಸ್ಟರಿಂಗ್ ಎಂಬುದು ಹಾಡಿನ ಕೊನೆಯ ಹದ. ಬೇರೆಬೇರೆ ಟ್ರ್ಯಾಕುಗಳನ್ನು ಕೂಡಿಸಿ ಎರಡು ಚಾನೆಲ್ಲಿಗೆ ಇಳಿಸುವುದು ಮಿಕ್ಸಿಂಗ್. ಆ ಎರಡು ಚಾನೆಲ್ಲಿನ ಫೈಲನ್ನು ಒಟ್ಟಾಗಿ ಕೇಳಿ, ಅದರ ಏರುತಗ್ಗು, ಬಣ್ಣ, ಜೋರು ಸರಿಪಡಿಸಿ, ಎಲ್ಲ ಬಗೆಯ ಸ್ಪೀಕರಿನಲ್ಲೂ ಒಪ್ಪುವಂತೆ ಮಾಡುವುದು ಮಾಸ್ಟರಿಂಗ್. ಈ ಕೆಲಸ ಹುಟ್ಟಿದ್ದು ತಟ್ಟೆಗಳ ಕಾಲದಲ್ಲಿ. ತಗ್ಗಿನ ದನಿ ಹೆಚ್ಚಾದರೆ ತಟ್ಟೆಯ ಗೀರು ಅಗಲವಾಗಿ ಮುಳ್ಳು ಜಿಗಿಯುತ್ತಿತ್ತು. ಅದಕ್ಕೇ ಕೊರೆಯುವಾಗ ತಗ್ಗಿನ ದನಿಯನ್ನು ಇಳಿಸಿ, ನುಡಿಸುವಾಗ ಮತ್ತೆ ಏರಿಸುವ ಪದ್ಧತಿ ಬಂತು. ಹಾನಗಲ್ಲನ್ನು ಹೆಸರಿನಲ್ಲೇ ಹೊತ್ತ ಗಂಗೂಬಾಯಿಯವರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದಾಗ ತಟ್ಟೆಯ ಒಂದು ಮಗ್ಗುಲಿಗೆ ಸಿಗುತ್ತಿದ್ದದ್ದು ಮೂರು ಮೂರೂವರೆ ನಿಮಿಷ. ಹಾಡುವವರು ಒಬ್ಬರು, ಮುದ್ರಿಸುವವರು ಇನ್ನೊಬ್ಬರು, ತಟ್ಟೆ ಕೊರೆಯುವವರು ಮತ್ತೊಬ್ಬರು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಈ ಸೀಮೆಯ ಎಷ್ಟೋ ಕಂಠಗಳಿಗೆ ಮೊದಲ ಮೈಕು ಅಲ್ಲಿಯೇ ಸಿಕ್ಕಿತು. ಅಲ್ಲಿಯೂ ಗಾಜಿನ ಆಚೆ ಕೂತು ಕೇಳುವ ಕಿವಿ ಬೇರೆಯವರದೇ. 1978ರಲ್ಲಿ ‘ನಿತ್ಯೋತ್ಸವ’ದೊಂದಿಗೆ ಕನ್ನಡ ಸುಗಮ ಸಂಗೀತ ಕ್ಯಾಸೆಟ್ಟಿಗೆ ಬಂತು. ಮುಂದಿನ ವರ್ಷಗಳಲ್ಲಿ ಭಜನೆ, ಲಾವಣಿ, ಗೀಗೀ ಪದಗಳೂ ಬಂದವು. ಆಗಲೂ ಹಾಡು ಹಲವರ ಕೈ ದಾಟಿಯೇ ಕೇಳುಗನನ್ನು ಮುಟ್ಟುತ್ತಿತ್ತು.

ಈಗ ಒಬ್ಬನೇ ಹುಡುಗ, ಹತ್ತು ಅಡಿಯ ಒಂದು ಕೋಣೆ. ಕೀಬೋರ್ಡ್ ನುಡಿಸುವವನೂ ಅವನೇ, ರಿದಂ ಪ್ಯಾಡ್ ಬಡಿಯುವವನೂ, ಮಿಕ್ಸ್ ಮಾಡುವವನೂ ಅವನೇ. ಅವನ ಶ್ರಮದ ಬಗ್ಗೆ ನನಗೆ ದೊಡ್ಡ ಗೌರವವಿದೆ. ಇಂಥ ಹುಡುಗರಿಲ್ಲದಿದ್ದರೆ ಇಲ್ಲಿನ ಹಾಡಿನ ಅರ್ಧಪಾಲು ಎಲ್ಲಿಯೂ ದಾಖಲಾಗುತ್ತಿರಲಿಲ್ಲ. ಮಾಸ್ಟರಿಂಗಿಗೆ ಇವರ ಫೈಲು ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗುತ್ತದೆ, ಇಲ್ಲವೇ ಅಂತರ್ಜಾಲದಲ್ಲಿ ತಾನಾಗಿಯೇ ಮಾಸ್ಟರಿಂಗ್ ಮಾಡಿಕೊಡುವ ತಂತ್ರಾಂಶಕ್ಕೆ ಹೋಗುತ್ತದೆ. ಆ ಕೊನೆಯ ಕಿವಿಗೆ ಏನು ತಲುಪುತ್ತದೆ ಎಂಬುದು ಈ ಹುಡುಗನ ಕೈಯಲ್ಲಿದೆ. ಅದಕ್ಕೆ ಹೊಸ ಮೈಕು ಬೇಡ, ದುಡ್ಡೂ ಬೇಡ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಿಂದಲೇ ಮಾತು ಶುರು ಮಾಡುತ್ತೇನೆ. ಖಾರ ಕಡಿಮೆ, ಬಣ್ಣ ಗಾಢ ಎಂಬ ಗುಣಕ್ಕೆ 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೆಣಸಿನಕಾಯಿ ಅದು. ಅದರ ಬೆಲೆ ನಿಂತಿರುವುದು ಒಣಗಿದ ಹದದ ಮೇಲೆ. ತೂಕ ಬರಲೆಂದು ನೀರು ಹೊಡೆದರೆ ಚೀಲ ಭಾರವಾಗುತ್ತದೆ, ಆದರೆ ತೇವ ಹೆಚ್ಚಾದ ಕಾಯಿ ದಾಸ್ತಾನಿನಲ್ಲಿ ಬೂಸ್ಟು ಹಿಡಿಯುತ್ತದೆ. ಆ ತೇವವನ್ನು ಕೊಂಡವನು ಹಿಂದಕ್ಕೆ ತೆಗೆಯಲಾರ. ಮಾಸ್ಟರಿಂಗಿಗೆ ಕಳಿಸುವ ಮೊದಲೇ ಹಾಡಿನ ಮೇಲೆ ಲಿಮಿಟರ್ (ದನಿಯ ತುದಿಗಳನ್ನು ಒತ್ತಿಹಿಡಿಯುವ ಸಾಧನ) ಹಾಕಿ ಜೋರು ತುಂಬುವುದು ಇಂಥದೇ ಕೆಲಸ. ಕೇಳಿದ ಕ್ಷಣಕ್ಕೆ ಹಾಡು ತೂಕವಾಗಿ ಕಾಣುತ್ತದೆ. ಮುಂದಿನವನಿಗೆ ಅದನ್ನು ಬಿಚ್ಚುವ ದಾರಿಯಿಲ್ಲ.

ಡಿಜಿಟಲ್ ಮುದ್ರಣದಲ್ಲಿ ಸೊನ್ನೆ ಡೆಸಿಬೆಲ್ ಎಂಬುದು ಗೋಡೆ. ಅದರಾಚೆ ದನಿಗೆ ಜಾಗವಿಲ್ಲ. ಅಲೆಯ ತಲೆ ಗೋಡೆಗೆ ತಾಗಿದರೆ ತುದಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಪ್ರತಿ 6 ಡೆಸಿಬೆಲ್ ಇಳಿದರೆ ಅಲೆಯ ಎತ್ತರ ಹೆಚ್ಚುಕಡಿಮೆ ಅರ್ಧ. ಆದ್ದರಿಂದ ಮಿಕ್ಸಿನ ಅತಿ ಎತ್ತರದ ಪೀಕು ಮೈನಸ್ 6ರ ಆಸುಪಾಸಿನಲ್ಲಿ ನಿಂತರೆ ಮಾಸ್ಟರಿಂಗ್ ಮಾಡುವವನಿಗೆ ಕೈಯಾಡಿಸಲು ಜಾಗ ಉಳಿಯುತ್ತದೆ. ಮೈನಸ್ 3ಕ್ಕೆ ಬಂದರೂ ಆಕಾಶ ಕಳಚಿ ಬೀಳುವುದಿಲ್ಲ, ತುದಿ ಚಪ್ಪಟೆಯಾಗದಿದ್ದರೆ ಸಾಕು. ಮೊದಲಿನ ಟೇಪುಗಳಲ್ಲಿ ಸಣ್ಣಗೆ ಮುದ್ರಿಸಿದರೆ ಟೇಪಿನ ಸೀಸೀ ಸದ್ದು ಮೇಲೆ ಬರುತ್ತಿತ್ತು, ಅದಕ್ಕೇ ಜೋರಾಗಿ ಮುದ್ರಿಸಿ ಎನ್ನುತ್ತಿದ್ದರು. ಆ ಮಾತು ಈಗಲೂ ಸ್ಟುಡಿಯೋಗಳಲ್ಲಿ ಓಡಾಡುತ್ತಿದೆ. 16 ಬಿಟ್‌ನಲ್ಲಿ ಅತಿ ಮೆಲ್ಲಗಿನ ದನಿಗೂ ಅತಿ ಜೋರಿಗೂ ನಡುವೆ ಲೆಕ್ಕದ ಪ್ರಕಾರ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ, 24 ಬಿಟ್‌ನಲ್ಲಿ ಸುಮಾರು 144. ಇಷ್ಟು ದೊಡ್ಡ ಹೊಲ ಕೈಯಲ್ಲಿರುವಾಗ ಬದುವಿಗೆ ತಾಗಿಯೇ ಬಿತ್ತುವ ಅಗತ್ಯವೇನು?

ಜೋರಿಗೂ ಜೀವಕ್ಕೂ ಇರುವ ಅಂತರ ತಿಳಿಯಬೇಕಾದರೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಹೋಗಬೇಕು. ದಸರೆಯ ಹೊತ್ತಿಗೆ ಅಲ್ಲಿ ಮಾಲತೇಶನ ಕಾರಣಿಕ, ಅಂದರೆ ದೈವದ ಭವಿಷ್ಯನುಡಿ. ಡಮರುಗ, ಗಂಟೆ, ಜನರ ಗದ್ದಲ. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದೊಡನೆ ಸಾವಿರಾರು ಜನ ಉಸಿರು ಬಿಗಿಹಿಡಿಯುತ್ತಾರೆ. ಆ ಮೌನದಲ್ಲಿ ಒಂದು ನುಡಿ ಬೀಳುತ್ತದೆ. ಗದ್ದಲ, ಮೌನ, ನುಡಿ: ಈ ಮೂರರ ನಡುವಿನ ಏರುತಗ್ಗೇ ಕಾರಣಿಕದ ಶಕ್ತಿ. ಇದನ್ನು ಮುದ್ರಿಸಿ ಅದರ ಮೇಲೆ ಬಿಗಿಯಾದ ಕಂಪ್ರೆಸರ್ ಇಟ್ಟರೆ ಮೌನವನ್ನೂ ಎತ್ತಿ ಗದ್ದಲದ ಸಮಕ್ಕೆ ತಂದು ನಿಲ್ಲಿಸುತ್ತದೆ. ಜನ ಕೆಮ್ಮಿದ್ದು, ಚಪ್ಪಲಿ ಎಳೆದದ್ದು ಎಲ್ಲ ಕೇಳುತ್ತದೆ, ನುಡಿ ಮಾತ್ರ ಸಾಮಾನ್ಯ ಮಾತಿನಂತೆ ಕೇಳುತ್ತದೆ. ಶಿಶುನಾಳ ಶರೀಫರ ತತ್ವಪದಕ್ಕೂ ಇದೇ ಮಾತು ಸಲ್ಲುತ್ತದೆ. ಏಕತಾರಿಯ ಎಳೆ, ದಮ್ಮಡಿಯ ಗಿಲಿಗಿಲಿ, ಪದದ ಕೊನೆಗೆ ಹಿಮ್ಮೇಳ ಎತ್ತಿಕೊಳ್ಳುವ ಮೊದಲಿನ ಅರೆಗಳಿಗೆಯ ಬಿಡುವು, ಇವೆಲ್ಲ ಉಳಿದರೇ ಪದ ಪದವಾಗಿ ಕೇಳುವುದು.

ಜೋರಿನ ಹಿಂದೆ ಬೀಳುವುದಕ್ಕೆ ಹುಡುಗರ ಬಳಿ ಒಂದು ಕಾರಣವಿದೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಯೂಟ್ಯೂಬಿನಲ್ಲಿ ಜೋರನ್ನು ಲಫ್ಸ್ ಎಂಬ ಅಳತೆಯಲ್ಲಿ ನೋಡುತ್ತಾರೆ. ಸುಮಾರು ಮೈನಸ್ 14ಕ್ಕಿಂತ ಜೋರಾದ ಹಾಡನ್ನು ಅಲ್ಲಿ ತಾನಾಗಿಯೇ ಇಳಿಸಲಾಗುತ್ತದೆ. ಮೈನಸ್ 7ರ ತನಕ ಹಿಂಡಿ ಕಳಿಸಿದ ಹಾಡು ಅಲ್ಲಿ ಏಳು ಡೆಸಿಬೆಲ್ ಕೆಳಗಿಳಿದು ಉಳಿದ ಹಾಡುಗಳ ಸಾಲಿನಲ್ಲೇ ನಿಲ್ಲುತ್ತದೆ. ಹಿಂಡಿದ ಗಾಯ ಉಳಿಯುತ್ತದೆ, ಜೋರು ಉಳಿಯುವುದಿಲ್ಲ. ಸ್ಪಾಟಿಫೈ ಕೂಡ ಮೈನಸ್ 14ರ ಸುತ್ತಲೇ, ಆ್ಯಪಲ್ ಇನ್ನೂ ಎರಡು ಕೆಳಗೆ. ಆದರೆ ಟ್ರ್ಯಾಕ್ಟರಿನಲ್ಲಿ ಹಾಡು ನುಡಿಯುವುದು ಪೆನ್‌ಡ್ರೈವಿನಿಂದ. ಅಲ್ಲಿ ಇಳಿಸುವವರು ಯಾರೂ ಇಲ್ಲ. ಹಿಂದಿನ ಹಾಡಿಗಿಂತ ನಮ್ಮದು ಸಣ್ಣಗೆ ಕೇಳಿದರೆ ಹೋರಿಯ ಮಾಲೀಕ ಬೈಯುತ್ತಾನೆ. ಇದಕ್ಕೆ ದಾರಿ ಎರಡು ಮಾಸ್ಟರ್ ಮಾಡಿಸುವುದು: ಯೂಟ್ಯೂಬಿಗೊಂದು, ಬಾಕ್ಸಿಗೊಂದು. ಸಡಿಲವಾದ ಒಂದೇ ಮಿಕ್ಸಿನಿಂದ ಎರಡನ್ನೂ ತೆಗೆಯಬಹುದು. ಹಿಂಡಿದ ಮಿಕ್ಸಿನಿಂದ ಒಂದೂ ನೆಟ್ಟಗೆ ಬರುವುದಿಲ್ಲ.

ಲಿಮಿಟರ್ ಇಟ್ಟುಕೊಂಡೇ ಮಿಕ್ಸ್ ಮಾಡುವ ಅಭ್ಯಾಸವಿದ್ದವರು ಅದನ್ನು ತೆಗೆದ ಕೂಡಲೇ ಹಾಡು ಸಪ್ಪೆಯಾಯಿತೆಂದು ಹೆದರುತ್ತಾರೆ. ಹೆದರಬೇಕಾಗಿಲ್ಲ. ಲಿಮಿಟರ್ ತೆಗೆದ ಒಂದು ಫೈಲು, ಇಟ್ಟ ಒಂದು ಫೈಲು, ಎರಡನ್ನೂ ಕಳಿಸಿ, ನಮಗೆ ಬೇಕಾದ ರುಚಿ ಎರಡನೆಯದರಲ್ಲಿದೆ ಎಂದು ಬರೆದರಾಯಿತು. ಮಾಸ್ಟರಿಂಗ್ ಮಾಡುವವನಿಗೆ ದಾರಿಯೂ ತಿಳಿಯುತ್ತದೆ, ನಡೆಯಲು ಜಾಗವೂ ಇರುತ್ತದೆ. ಇನ್ನು ಹಾಡಿನ ಗುಣಕ್ಕೆ ಸೇರಿದ ಕಂಪ್ರೆಸರ್, ಅಂದರೆ ಮೊದಲಿಂದಲೂ ಅದರೊಳಗೇ ಕೇಳಿ ಕೂಡಿಸಿದ್ದು, ಇದ್ದರೆ ಇರಲಿ. ತೆಗೆಯುವುದನ್ನೇ ಕುರುಡು ನಿಯಮ ಮಾಡಿಕೊಳ್ಳಬಾರದು.

ಈಗ ಡೊಳ್ಳಿನ ಮಾತು. ನನ್ನ ಮಟ್ಟಿಗೆ ಇದು ಈ ಸೀಮೆಯ ಧ್ವನಿಮುದ್ರಣದ ಅತಿ ಕಷ್ಟದ ಪಾಠ. ಡೊಳ್ಳಿಗೆ ಎರಡು ಮುಖ. ಒಂದಕ್ಕೆ ಕೋಲು, ಇನ್ನೊಂದಕ್ಕೆ ಕೈ. ಎರಡೂ ಕಡೆ ಮೈಕು ಇಡುವುದು ಸಹಜ. ಆದರೆ ಒಂದು ಮುಖಕ್ಕೆ ಹೊಡೆದಾಗ ಆ ಚರ್ಮ ಒಳಗೆ ಹೋಗುತ್ತದೆ, ಒಳಗಿನ ಗಾಳಿ ತಳ್ಳಿ ಆಚೆಯ ಚರ್ಮ ಹೊರಗೆ ಬರುತ್ತದೆ. ಒಂದು ಮೈಕಿಗೆ ಚರ್ಮ ದೂರ ಸರಿದಂತೆ, ಇನ್ನೊಂದಕ್ಕೆ ಹತ್ತಿರ ಬಂದಂತೆ. ಎರಡು ಅಲೆಗಳು ಒಂದಕ್ಕೊಂದು ಉಲ್ಟಾ. ಕೂಡಿಸಿದಾಗ ತಗ್ಗಿನ ದನಿ ಒಂದನ್ನೊಂದು ತಿಂದುಬಿಡುತ್ತದೆ. ಎಡಕ್ಕೊಂದು ಬಲಕ್ಕೊಂದು ಹಾಕಿ ಹೆಡ್‌ಫೋನಿನಲ್ಲಿ ಕೇಳಿದರೆ ಅಗಲವಾಗಿ, ಚೆನ್ನಾಗಿಯೇ ಕೇಳುತ್ತದೆ. ಜಾತ್ರೆಯ ಹಾರ್ನಿಗೆ, ಒಂದೇ ಸ್ಪೀಕರಿನ ಫೋನಿಗೆ ಹೋದಾಗ ಎಡಬಲ ಒಂದಾಗಿ ಡೊಳ್ಳು ಮಾಯ. ಅಖಾಡದಲ್ಲಿ ನಾನು ಕೇಳಿದ ಖಾಲಿ ಡಬ್ಬಿಯ ಸದ್ದಿಗೆ ಇದೂ ಒಂದು ಕಾರಣವಿರಬೇಕು. ಪರಿಹಾರ ಒಂದು ಗುಂಡಿಯಷ್ಟು ದೂರ. ಮಿಕ್ಸಿನಲ್ಲಿ ಒಂದು ಟ್ರ್ಯಾಕಿನ ಪೊಲಾರಿಟಿ ತಿರುಗಿಸಿ, ಮೋನೋದಲ್ಲಿ ಕೇಳಿ, ಯಾವ ಕಡೆ ಹೊಟ್ಟೆ ತುಂಬಿದಂತೆ ಕೇಳುತ್ತದೋ ಅದನ್ನು ಇಟ್ಟುಕೊಳ್ಳುವುದು. ಫೈಲು ಎರಡು ಚಾನೆಲ್ಲಿಗೆ ಇಳಿದ ಮೇಲೆ ಇದನ್ನು ಮಾಸ್ಟರಿಂಗಿನಲ್ಲಿ ಸರಿಪಡಿಸುವುದು ಬಹುತೇಕ ಆಗದ ಮಾತು. ಪುರವಂತರ ಸಮಾಳಕ್ಕೂ ಎರಡು ಮುಖ, ಅಲ್ಲೂ ಇದೇ ಎಚ್ಚರ ಬೇಕು. ಹಲಗಿ ಒಂದೇ ಮುಖದ್ದು. ಅದರ ಕಾಟ ಬೇರೆ. ಅದರ ಮೊನಚಾದ ಪೆಟ್ಟು ಮೀಟರಿನಲ್ಲಿ ಎತ್ತರಕ್ಕೆ ಜಿಗಿದು, ಉಳಿದೆಲ್ಲ ಸಣ್ಣಗಿದ್ದರೂ ಗೋಡೆ ಮುಟ್ಟಿಬಿಡುತ್ತದೆ. ಹಲಗಿಯ ಟ್ರ್ಯಾಕನ್ನು ಮಾತ್ರ ಸ್ವಲ್ಪ ಇಳಿಸಬೇಕು, ಇಡೀ ಹಾಡಿನ ಕತ್ತು ಹಿಸುಕಬಾರದು.

ಶ್ರುತಿಯೂ ಮಾಸ್ಟರಿಂಗಿನ ಕೈಗೆ ಸಿಗದ ವಸ್ತು. ಭಜನಾ ಮಂಡಳಿಯ ಹಳೆಯ ಹಾರ್ಮೋನಿಯಂ ‘ಕಾಳಿ ಎರಡು’ ಎಂದರೆ ಅದು ಇಂದಿನ ಕೀಬೋರ್ಡಿನ ಅದೇ ಮನೆಗೆ ಸರಿಹೊಂದಬೇಕೆಂದಿಲ್ಲ. ಕೀಬೋರ್ಡು 440 ಹರ್ಟ್ಸಿಗೆ ಕಟ್ಟಿದ್ದು, ಹಾರ್ಮೋನಿಯಂ ತನ್ನ ವಯಸ್ಸಿಗೆ ತಕ್ಕಂತೆ ಮೇಲೋ ಕೆಳಗೋ ಸರಿದಿರುತ್ತದೆ. ಹಾರ್ಮೋನಿಯಂ ಮೊದಲು ಮುದ್ರಿಸಿ, ಕೀಬೋರ್ಡನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಕೀಬೋರ್ಡಿಗೆ ಸುಲಭ, ಹಾರ್ಮೋನಿಯಮ್ಮಿಗೆ ಅಸಾಧ್ಯ.

ಕೋಣೆಯ ಗದ್ದಲಕ್ಕೆ ಬಂದರೆ ರಾಷ್ಟ್ರೀಯ ಹೆದ್ದಾರಿ 48 ಹಾವೇರಿಯನ್ನೂ ರಾಣೆಬೆನ್ನೂರನ್ನೂ ಹಾದು ಹೋಗುತ್ತದೆ, ಲಾರಿಯ ಹಾರ್ನಿಗೆ ಹೊತ್ತುಗೊತ್ತಿಲ್ಲ. ಬ್ಯಾಡಗಿಯಲ್ಲಿ ಆವಕದ ತಿಂಗಳುಗಳಲ್ಲಿ ಮಾರುಕಟ್ಟೆಯ ಹತ್ತಿರ ಹಾಡಿಸುವುದೆಂದರೆ ಘಾಟಿನ ಜೊತೆ ಹೋರಾಟ. ಹಾಡುಗಾರನ ಕೆಮ್ಮನ್ನು ಕತ್ತರಿಸಬಹುದು, ಕಟ್ಟಿದ ಗಂಟಲನ್ನು ಬಿಡಿಸಲಾಗದು. ರಾತ್ರಿ ಹತ್ತರ ಮೇಲೆ ಕೂತರೆ ಹಾರ್ನೂ ಘಾಟೂ ಅರ್ಧ ಕಡಿಮೆ. ಇನ್‌ವರ್ಟರಿನಿಂದ ಬರುವ ಗುಂಯ್ ಸದ್ದು ಮಾತ್ರ ರಾತ್ರಿಯೂ ಬಿಡದು. 50 ಹರ್ಟ್ಸಿನಲ್ಲಿ, ಅದರ ಎರಡು ಪಟ್ಟು ಮೂರು ಪಟ್ಟಿನಲ್ಲಿ ಅದು ಕೂತಿರುತ್ತದೆ. ಇದನ್ನು ತೆಗೆಯಲು ಮಿಕ್ಸಿನಲ್ಲೇ ನಾಯ್ಸ್ ರಿಡಕ್ಷನ್ ಒತ್ತಿ ಹಾಡನ್ನು ನೀರಿನೊಳಗಿನ ಮಾತಿನಂತೆ ಮಾಡುವವರಿದ್ದಾರೆ. ಅದರ ಬದಲು ಹಾಡು ಶುರುವಾಗುವ ಮುನ್ನ ಐದಾರು ಸೆಕೆಂಡು ಯಾರೂ ಅಲುಗಾಡದೆ ಕೋಣೆಯ ಬರೀ ಸದ್ದನ್ನು ಮುದ್ರಿಸಿ, ಅದನ್ನು ಕತ್ತರಿಸದೆ ಕಳಿಸಬೇಕು. ಶುಚಿ ಮಾಡುವವನಿಗೆ ಆ ಸದ್ದಿನ ಗುರುತು ಸಿಕ್ಕರೆ ಕೆಲಸ ಹಗುರ. ಕೊನೆಯಲ್ಲೂ ಹಾಗೆಯೇ. ಏಕತಾರಿಯ ತಂತಿ ಪೂರ್ತಿ ಅಡಗುವ ತನಕ ಬಿಡಬೇಕು. ಫೇಡ್ ಮಾಡುವುದು ಕೊನೆಯವನ ಕೆಲಸ.

ಫೈಲಿನ ವಿಚಾರ ಬೇಗ ಮುಗಿಯುತ್ತದೆ. ವೇವ್ ಫೈಲು, 24 ಬಿಟ್, ಇಲ್ಲವೇ 32 ಬಿಟ್ ಫ್ಲೋಟ್. 44.1 ಕಿಲೋಹರ್ಟ್ಸಿನಲ್ಲಿ ಮುದ್ರಿಸಿದ್ದರೆ 44.1ರಲ್ಲೇ, 48ರಲ್ಲಿ ಮುದ್ರಿಸಿದ್ದರೆ 48ರಲ್ಲೇ ಕಳಿಸಬೇಕು, ಬದಲಾಯಿಸುವ ಗೋಜು ಬೇಡ. ಪೀಕನ್ನು ಗೋಡೆಯ ತನಕ ಏರಿಸುವ ನಾರ್ಮಲೈಜ್ ಗುಂಡಿ ಒತ್ತಬಾರದು. ಡಿದರ್ (ಬಿಟ್ ಇಳಿಸುವಾಗ ಬೆರೆಸುವ ಸಣ್ಣ ಸದ್ದು) ಹಾಕುವುದು ಒಂದೇ ಸಲ, ಅದೂ ಕಟ್ಟಕಡೆಗೆ. 24 ಬಿಟ್, 48 ಕಿಲೋಹರ್ಟ್ಸಿನ ಐದು ನಿಮಿಷದ ಹಾಡು ಸುಮಾರು 86 ಎಂಬಿ ಆಗುತ್ತದೆ. ಅದೇ ಹಾಡು 128 ಕೆಬಿಪಿಎಸ್‌ನ ಎಂಪಿ3 ಆದರೆ ಐದು ಎಂಬಿಯೂ ಇಲ್ಲ. ಆ ಉಳಿತಾಯದಲ್ಲಿ ಮೊದಲು ಹೋಗುವುದು ತಾಳದ ಝಣತ್ಕಾರ. ಎಂಪಿ3ಯನ್ನು ಮತ್ತೆ ವೇವ್ ಮಾಡಿ ಕಳಿಸಿದರೆ ಗಾತ್ರ ಬೆಳೆಯುತ್ತದೆ, ಹೋದ ತಾಳ ಬರುವುದಿಲ್ಲ. ವಾಟ್ಸ್ಯಾಪಿನಲ್ಲೇ ಕಳಿಸಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇಲ್ಲವೇ ಡ್ರೈವಿಗೆ ಹಾಕಿ ಕೊಂಡಿ ಕೊಡಬೇಕು. ಫೈಲಿನ ಹೆಸರಿನಲ್ಲಿ ‘ಫೈನಲ್’, ‘ಫೈನಲ್ ಹೊಸದು’, ‘ಲಾಸ್ಟ್ ಫೈನಲ್’ ಎಂದು ಬರೆಯುವುದನ್ನು ಬಿಟ್ಟು ಹಾಡಿನ ಹೆಸರು, ತಾರೀಕು, ಎಷ್ಟನೆಯ ಮಿಕ್ಸು ಎಂದು ಬರೆದರೆ ಎರಡೂ ಕಡೆಯವರ ಒಂದು ದಿನ ಉಳಿಯುತ್ತದೆ.

ತಾನಾಗಿ ಮಾಸ್ಟರಿಂಗ್ ಮಾಡುವ ತಂತ್ರಾಂಶಗಳ ಬಗ್ಗೆ ಕೇಳುತ್ತಾರೆ. ಸಿನಿಮಾ ಹಾಡಿನ ಧಾಟಿಯ, ಕೀಬೋರ್ಡು ತುಂಬಿದ ಹಾಡಿಗೆ ಅವು ತಕ್ಕಮಟ್ಟಿಗೆ ಕೆಲಸ ಮಾಡುತ್ತವೆ. ಗೊರವರ ಡಮರುಗ, ಕೊಳಲುಗಳನ್ನು ಮಾತ್ರ ಅವುಗಳ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಡಮರುಗದ ಒರಟು ಅಲ್ಲಿ ದೋಷವೆಂದು ಲೆಕ್ಕವಾಗಿ ನಯವಾಗಿ ಹೊರಬರುತ್ತದೆ. ಮನುಷ್ಯನ ಕಿವಿಗಾದರೆ ಒಂದು ಮಾತು ಹೇಳಬಹುದು: ಒರಟು ಇರಲಿ. ಮಾದರಿಯೆಂದು ಒಂದು ಹಾಡನ್ನೂ ಜೊತೆಗೆ ಕಳಿಸಬಹುದು. ಅದು ಈ ಸೀಮೆಯದೇ, ಇದೇ ವಾದ್ಯಗಳದೇ ಆಗಿದ್ದರೆ ಒಳ್ಳೆಯದು.

ಮನೆಮನೆಯ ಟ್ರಂಕಿನಲ್ಲಿರುವ ಕ್ಯಾಸೆಟ್ಟುಗಳದು ಇನ್ನೊಂದು ಕಥೆ, ಅದಕ್ಕೆ ಹೊತ್ತು ಕಡಿಮೆ ಇದೆ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಇಬ್ಬರೂ ಈ ಮಣ್ಣಿನವರು. ಅವರ ಪರಂಪರೆಯಲ್ಲಿ ಕಲಿತವರ ಹಾಡು, ಪುರಾಣ, ಕೀರ್ತನೆಗಳನ್ನು ಊರವರು ತಮ್ಮ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟದ್ದು ಉಂಟು. ಇವನ್ನು ಮಾಸ್ಟರಿಂಗಿಗೆ ಕೊಡುವ ಮೊದಲು ಡೆಕ್ಕಿನ ತಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪ್ರತಿ ಕ್ಯಾಸೆಟ್ಟಿಗೂ ತಲೆಯ ಓರೆಯನ್ನು ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸಿ, ತಾರದ ದನಿ ಅತಿ ಸ್ಪಷ್ಟವಾಗುವಲ್ಲಿ ನಿಲ್ಲಿಸಬೇಕು. ನಂತರ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇಳಿಸಿಕೊಳ್ಳಬೇಕು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವೂ ಇದಕ್ಕೆ ಕಡಿಮೆ ಬೇಡ ಎನ್ನುತ್ತದೆ, 96 ಒಳ್ಳೆಯದು ಎನ್ನುತ್ತದೆ. ಇಳಿಸುವಾಗ ಶುಚಿ ಮಾಡಬಾರದು. ಶುಚಿ ಮಾಡಿದ್ದು ಬೇರೆ ಪ್ರತಿ, ಮೂಲ ಪ್ರತಿ ಬೇರೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇರುವ ಜಿಲ್ಲೆ ಇದು. ಅಂಥ ಮೂಲ ಪ್ರತಿಗಳು ಮನೆಯ ಟ್ರಂಕು ದಾಟಿ ಅಲ್ಲಿಗೂ ತಲುಪಬೇಕೆಂಬುದು ನನ್ನ ಬಲವಾದ ಆಸೆ.

ಹಾಡಿನ ಜೊತೆ ಹೋಗಬೇಕಾದ ಕಾಗದವೂ ತಯಾರಿಯ ಭಾಗವೇ. ಹಾಡಿದವರು, ನುಡಿಸಿದವರು, ಬರೆದವರು, ಧಾಟಿ ಕಟ್ಟಿದವರು ಯಾರು ಎಂದು ಬರೆದು ಕಳಿಸಬೇಕು. ಡೊಳ್ಳು ಬಾರಿಸಿದವನ ಹೆಸರು ಹೋಗದ ಹಾಡುಗಳೇ ಹೆಚ್ಚು, ಅದು ನನಗೆ ನೋವಿನ ಸಂಗತಿ. ಪ್ರತಿ ಧ್ವನಿಮುದ್ರಣಕ್ಕೆ ಐಎಸ್‌ಆರ್‌ಸಿ ಎಂಬ 12 ಅಕ್ಷರಗಳ ಗುರುತು ಇರುತ್ತದೆ, ಮಾಸ್ಟರಿಂಗ್ ವೇಳೆಗೆ ಅದು ಕೈಯಲ್ಲಿದ್ದರೆ ಒಳ್ಳೆಯದು. ಶರೀಫರ ಪದ ಹಾಡುವವರು ಇನ್ನೊಂದು ತಿಳಿದಿರಬೇಕು. ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ನುಡಿ ಎಲ್ಲರದು. ಸಿ. ಅಶ್ವಥ್ ಕಟ್ಟಿದ ಧಾಟಿ ಹಾಗಲ್ಲ. ಅವರು ತೀರಿಕೊಂಡದ್ದು 2009ರಲ್ಲಿ, ನಮ್ಮ ಕಾಯ್ದೆಯಲ್ಲಿ ಸಂಗೀತ ಕೃತಿಯ ಹಕ್ಕು ಕರ್ತೃವಿನ ನಂತರವೂ 60 ವರ್ಷ ಇರುತ್ತದೆ. ಅಮಾವಾಸ್ಯೆಯ ಭಜನೆಯಲ್ಲಿ ತಲೆಮಾರಿನಿಂದ ಹಾಡಿಕೊಂಡು ಬಂದ ಧಾಟಿ ಊರಲ್ಲೇ ಇರುವಾಗ ಅದನ್ನೇ ಮುದ್ರಿಸುವುದು ಕಾಯ್ದೆಗೂ ಸುರಕ್ಷಿತ, ಹಾಡಿಗೂ ಒಳ್ಳೆಯದು.

ಹಾಡನ್ನು ಹಿಂಡಿ ಕಳಿಸುವ ತಪ್ಪನ್ನು ನಾನೂ ಮಾಡಿದವನೇ. ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯ ಭಜನಾ ಮಂಡಳಿಯ ನಾಲ್ಕು ತತ್ವಪದಗಳನ್ನು ರಾತ್ರಿಯೆಲ್ಲ ಹೆಡ್‌ಫೋನಿನಲ್ಲಿ ಮಿಕ್ಸ್ ಮಾಡಿ, ಬೆಳಗಿನ ಜಾವ ಲಿಮಿಟರ್ ಏರಿಸಿ ಬೆಂಗಳೂರಿಗೆ ಕಳಿಸಿದೆ. ಮಧ್ಯಾಹ್ನ ಮಾಸ್ಟರಿಂಗ್ ಮಾಡುವವರ ಫೋನು ಬಂತು. ‘ಸರ್, ಇದರಲ್ಲಿ ನನಗೆ ಮಾಡೋಕೆ ಏನೂ ಬಿಟ್ಟಿಲ್ಲ ನೀವು’ ಎಂದರು. ಮನಸ್ಸಿಗೆ ನಾಟಿತು. ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ಬೆಳಗ್ಗೆ, ದಣಿಯದ ಕಿವಿಯಲ್ಲಿ, ಸಣ್ಣ ದನಿಯಲ್ಲಿ, ಮೊದಲು ಫೋನಿನಲ್ಲಿ, ಆಮೇಲೆ ಗುಡಿಯ ಹಾರ್ನಿನಲ್ಲಿ ಕೇಳಿದೆ. ಲಿಮಿಟರ್ ತೆಗೆದೆ, ದಮ್ಮಡಿಯನ್ನು ಇಳಿಸಿದೆ, ಶುರುವಿನ ಮೌನವನ್ನು ಕತ್ತರಿಸದೆ ಹಾಗೆಯೇ ಬಿಟ್ಟು ಮತ್ತೆ ಕಳಿಸಿದೆ.

ವಾರದ ಮೇಲೆ ಮತ್ತೆ ಫೋನು. ಎರಡನೆಯ ಪದ ಶುರುವಾಗುವ ಮುನ್ನ, ಕೋಣೆಯ ಮೌನದಲ್ಲಿ, ಹಿರಿಯರೊಬ್ಬರು ಶ್ರುತಿ ಹಿಡಿದು ‘ಹೂಂ’ ಎಂದದ್ದು ಕೇಳುತ್ತಿದೆ, ತೆಗೆಯಲೋ ಇಡಲೋ ಎಂದು ಕೇಳಿದರು. ಮಂಡಳಿಯವರನ್ನೇ ಕೇಳೋಣವೆಂದು ಆ ಹಿರಿಯರಿಗೆ ಫೋನು ಹಚ್ಚಿ ಕೇಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಇರ್ಲಿ ಬಿಡ್ರಿ, ಅಲ್ಲಿಂದನ ಪದ ಸುರು ಆಗೋದು’ ಎಂದರು.